ಗೋದಾಮಿಗೆ ಎಪ್ಪತ್ತೈದು

ನರ್ಸ್ ಶಮ್ಸುನ್ನಿಸಾ ಚಪ್ಪಲಿ ಬಿಡದೆಯೇ ಸೈಟ್ ಆಫೀಸಿನೊಳಗೆ ಬಂದಳು. ತೊಂಬತ್ತೇಳನೆಯ ಇಸವಿಯಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಹಾಗೆ ಬರುವುದು ಸಣ್ಣ ಅಪರಾಧವಲ್ಲ. "ಸಾಹೇಬ್ರ, ಆ ಹ್ಯಾಮರ್ ಹತ್ತು ಮಿನೀಟ ಬಂದ್ ಮಾಡಸ್ರಿ. ಗುರಮ್ಮನ ಸೊಸಿಗೆ ನಸುಕಿನಿಂದ ಬ್ಯಾನಿ ಬರಾಕತ್ತಾವ. ಒಳಗ ಕೂಸಿನ ಎದಿ ಹ್ಯಾಂಗ ಬಡೀತದ ಅಂತ ನನಗ ಕೇಳಸವಲ್ದು."

ಮಣ್ಣೂರಿಗಿಂತ ಎರಡು ಮೈಲಿ ಕೆಳಗಿನ ಈ ಊರಿನ ಮಗ್ಗುಲಲ್ಲೇ, ಭೀಮಾ ನದಿಯ ಹೊಸ ಸೇತುವೆಗೆ ಉಕ್ಕಿನ ಕಂಬ ಇಳಿಸುವ ಹ್ಯಾಮರ್ ಎರಡು ತಿಂಗಳಿಂದ ಬಡಿಯುತ್ತಿತ್ತು. ಅದು ಯಾರ ಮನೆಗೆ ಎಷ್ಟು ಕೇಳಿಸೀತೆಂದು ಮೊದಲೇ ಲೆಕ್ಕ ಹಾಕಿ ಹೇಳುವ ಪ್ರೋಗ್ರಾಮು ಎಂಜಿನಿಯರ್ ಅನಂತನ ಮುಂದಿನ ಕಂಪ್ಯೂಟರಿನಲ್ಲಿತ್ತು. ಕಟ್ಟಡ ಯಾವ ಜಾತಿಯದೆಂದು ತಿಳಿಸಿ, ಅದಕ್ಕೆ ಸದ್ದಿನ ಮಿತಿ ಕಟ್ಟುವುದಷ್ಟೇ ಅವನ ಕೆಲಸ. ಮನೆಗೆ ಐವತ್ತೈದು ಡೆಸಿಬೆಲ್, ಆಸ್ಪತ್ರೆಗೆ ಐವತ್ತು, ಗೋದಾಮಿಗೆ ಎಪ್ಪತ್ತೈದು. ಮಿತಿ ಮೀರಿದರೆ ಸಾಲು ಕೆಂಪಾಗುತ್ತಿತ್ತು, ಇಲ್ಲವಾದರೆ ಹಸಿರು. ಅನಂತ ಊರೊಳಗೆ ಹೋಗಿ ನೋಡುವ ಬದಲು ಪಂಚಾಯ್ತಿಯ ರಿಜಿಸ್ಟರ್ ತರಿಸಿಕೊಂಡಿದ್ದ. ರಿಜಿಸ್ಟರ್ ನೋಡಲು ಬಿಸಿಲಿಗೆ ಹೋಗಬೇಕಾಗಿಲ್ಲ. ಅದರಲ್ಲಿ ಶಮ್ಸುನ್ನಿಸಾಳ ದವಾಖಾನೆ ಇನ್ನೂ ದೌಲತರಾಯರ ಕುಸುಬೆ ಗೋದಾಮೇ ಆಗಿತ್ತು. ಕುಸುಬೆ ಹೋಗಿ ಬಾಣಂತಿಯರು ಬಂದು ಒಂಬತ್ತು ವರ್ಷವಾದರೂ ಯಾರೂ ತಿದ್ದಿರಲಿಲ್ಲ.

ಅವನು ಪರದೆ ತೋರಿಸಿದ. ಎಪ್ಪತ್ತೊಂದು ಬರುತ್ತದೆ, ಎಪ್ಪತ್ತೈದರ ಒಳಗೇ ಇದೆ, ಸಾಲು ಹಸಿರು.

"ಕುಸುಬಿ ಚೀಲಕ್ಕ ಅದು ಬರೋಬ್ಬರಿ ಅದರಿ," ಎಂದಳು ಶಮ್ಸುನ್ನಿಸಾ. "ನಾ ಹೆರಿಗಿ ಮಾಡಸಾಕತ್ತೇನಿ."

ಅನಂತ ಗೋಡೆಯ ಕ್ಯಾಲೆಂಡರ್ ನೋಡಿದ. ನದಿಗೆ ನೀರು ಬರುವುದರೊಳಗೆ ಇನ್ನೂ ಐದು ಕಂಬ ಇಳಿಯಬೇಕು. ಕಂಪ್ಯೂಟರಿನಲ್ಲಿ ಕೆಂಪು ಕಾಣದೆ ಹ್ಯಾಮರ್ ನಿಲ್ಲಿಸಕೂಡದೆಂದು ಮ್ಯಾನೇಜರರ ಹುಕುಂ. ಗೋದಾಮನ್ನು ಆಸ್ಪತ್ರೆ ಮಾಡಿದರೆ ಕೆಂಪಾಗುವುದೇನೋ ನಿಜ. ಆದರೆ ಹಸಿರು ವರದಿಗೆ ತಾನೇ ಸಹಿ ಹಾಕಿ ಹೆಡ್ ಆಫೀಸಿಗೆ ಕಳಿಸಿಯಾಗಿದೆ. ತಪ್ಪು ಒಪ್ಪಿಕೊಂಡರೆ ನೌಕರಿಗೇ ಸಂಚಕಾರ. ಅದನ್ನೆಲ್ಲ ನುಂಗಿಕೊಂಡು, ಹೊಸದಾಗಿ ಲೆಕ್ಕ ಹಾಕಲು ಕಂಪ್ಯೂಟರಿಗೆ ನಲವತ್ತು ನಿಮಿಷ ಬೇಕು ಎಂದಷ್ಟೇ ಹೇಳಿದ. ಅವಳು ನೀವೇ ಒಮ್ಮೆ ಬಂದು ಕೇಳಿ ಎಂದು ಹೊರಟಳು. ಅನಂತ ಹಿಂದೆ ಹೋದ.

ದವಾಖಾನೆಯ ಬಾಗಿಲಲ್ಲಿ ಗುರಮ್ಮ ಅಡ್ಡ ನಿಂತಳು. ಪರಗಂಡಸು ಹೆರಿಗೆ ಕೋಣೆಗೆ ಬರುವುದೆಂದರೇನು? ಕೊನೆಗೆ ಮುದುಕಿಯೇ ಒಂದು ಸೀರೆಯನ್ನು ಅಡ್ಡ ಹಿಡಿದಳು. ಸೀರೆಯ ಕೆಳಗಿನಿಂದ ಸ್ಟೆತೊಸ್ಕೋಪಿನ ಎರಡು ಕಿವಿಗಳು ಮಾತ್ರ ಈಚೆ ಬಂದವು. ಅನಂತ ನೆಲಕ್ಕೆ ಕೂತು ಅವನ್ನು ಹಚ್ಚಿಕೊಂಡ, ಕಣ್ಣು ಮುಚ್ಚಿದ, ಉಸಿರು ಹಿಡಿದ. ಮುಖ ಅರಳಿತು.

"ಕೇಳಸ್ತದ್ರಿ! ಗಟ್ಟಿ ಅದ. ಸಾವಕಾಶ, ಬರೋಬ್ಬರಿ ಬಡ್ಯಾಕತ್ತದ."

"ಅದು ನಿಮ್ಮ ಹ್ಯಾಮರ್‌ರಿ," ಎಂದಿತು ಸೀರೆಯಾಚೆಯಿಂದ ಶಮ್ಸುನ್ನಿಸಾಳ ದನಿ.

ಅನಂತ ಓಡಿದ. ಕಂಪ್ಯೂಟರ್ ಕೆಂಪು ತೋರಿಸಿದೆ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಆದರೆ ಹ್ಯಾಮರ್ ಓಡಿಸುವ ಭೀಮಶಾ 'ಬಂದ್ ಮಾಡು' ಎಂಬ ಎರಡು ಶಬ್ದಕ್ಕೇ ಲಿವರ್ ಎಳೆದುಬಿಟ್ಟ. ಎರಡು ತಿಂಗಳಿಂದ ಯಾರಾದರೂ ಬಂದು ಹೇಳಿಯಾರೆಂದು ಕಾಯುತ್ತಿದ್ದನಂತೆ, ಯಾರೂ ಬರಲಿಲ್ಲವಂತೆ.

ಸದ್ದು ನಿಂತದ್ದೇ ತಡ, ಊರೆಲ್ಲ ಹೊರಗೆ ಬಂತು. ಯಾಕೆ ನಿಂತಿತು, ಯಾರಿಗೇನಾಯಿತು ಎಂದು ಎಲ್ಲರೂ ಕೇಳುವವರೇ. ಹ್ಯಾಮರಿನ ಮೇಲೆ ದನಿ ಎತ್ತಿ ಎತ್ತಿ ರೂಢಿಯಾದ ಜನ. ದವಾಖಾನೆಯ ಮುಂದೆ ನಿಂತು ಕೂಗಿಯೇ ಮಾತಾಡಿದರು. ಇವರ ಸದ್ದಿಗೆ ಪ್ರೋಗ್ರಾಮಿನಲ್ಲಿ ಕಾಲಮ್ಮೇ ಇರಲಿಲ್ಲ. ಅನಂತ ದವಾಖಾನೆಗೆ ಮರಳುವಷ್ಟರಲ್ಲಿ ಮ್ಯಾನೇಜರರ ಮೋಟಾರ್ ಸೈಕಲ್ಲೂ ಬಂತು. ಯಾರ ಅಪ್ಪಣೆಯಿಂದ ನಿಲ್ಲಿಸಿದಿರಿ ಎಂದು ಅವರು ಗಾಡಿಯ ಮೇಲಿಂದಲೇ ಗರ್ಜಿಸಿದರು. ಅನಂತ ಬಾಯಿ ತೆರೆಯುವ ಮೊದಲೇ ಗುರಮ್ಮ ಹೊರಗೆ ಬಂದಳು.

"ಬಾಯಿ ಮುಚ್ಚಲೇ. ಒಳಗ ಕೂಸಿನ ಎದಿ ಕೇಳಾಕತ್ತಾರ."

ಮ್ಯಾನೇಜರರನ್ನು ಆ ತಾಲ್ಲೂಕಿನಲ್ಲಿ ಯಾರೂ 'ಲೇ' ಅಂದಿರಲಿಲ್ಲ. ಅವರು ಕೀಲಿ ತಿರುವಿ ಗಾಡಿ ಬಂದ್ ಮಾಡಿದರು. ಊರೂ ಸುಮ್ಮನಾಯಿತು. ಒಳಗಿನಿಂದ ಶಮ್ಸುನ್ನಿಸಾ ಪಿಸುದನಿಯಲ್ಲಿ ಎಣಿಸುವುದು ಬಾಗಿಲಾಚೆ ನಿಂತ ಅನಂತನಿಗೂ ಕೇಳಿಸಿತು. ಎಣಿಕೆ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ಬಾಗಿಲಿಗೆ ಬಂದಳು.

"ಎದಿ ಬಡಿತ ಮಿನೀಟಿಗೆ ನೂರಾ ನಲವತ್ತಿರಬೇಕು, ತೊಂಬತ್ತಕ್ಕ ಇಳದದ. ನಿಮ್ಮ ಜೀಪಿನ್ಯಾಗ ಗಾದಿ ಹಾಸ್ರಿ. ಈಗಿಂದೀಗ ಅಫಜಲಪುರದ ದೊಡ್ಡ ದವಾಖಾನಿಗೆ ಒಯ್ಯಬೇಕು."

"ಯಾವಾಗಿಂದ ಇಳದದ್ರಿ?" ಎಂದ ಅನಂತ.

"ನಂಗೇನ ಗೊತ್ತರಿ? ಕೇಳಿಸಿದ್ದು ಈಗ."

ನಾಲ್ಕು ಜನ ಸೇರಿ ಹಗ್ಗದ ಹೊರಸಿನ ಸಮೇತ ಸೊಸೆಯನ್ನು ಹೊತ್ತು ಜೀಪಿಗೆ ಮುಟ್ಟಿಸಿದರು. ಹತ್ತಿ ಕೂತ ಶಮ್ಸುನ್ನಿಸಾ ಮ್ಯಾನೇಜರರ ಕಡೆ ತಿರುಗಿ, ತನ್ನ ಕೆಲಸ ಮುಗಿಯಿತು, ಇನ್ನು ಎಷ್ಟು ಬೇಕಾದರೂ ಬಡಿಯಿರಿ ಎಂದಳು.

ಯಾರೂ ಹ್ಯಾಮರಿನ ಕಡೆ ಹೋಗಲಿಲ್ಲ. ಜೀಪು ದಂಡೆ ಏರಿತು, ಕರಿಮಣ್ಣಿನ ದಾರಿಗೆ ಬಿತ್ತು, ಜಾಲಿಗಿಡಗಳ ತಿರುವಿನಲ್ಲಿ ಮರೆಯಾಯಿತು. ಅದರ ಸದ್ದು ಸಣ್ಣಗಾಗುತ್ತಾ ಹೋಯಿತು. ಇನ್ನೇನು ಕೇಳಿಸುವುದಿಲ್ಲ ಎಂದಾಗ ಮ್ಯಾನೇಜರರು ಕತ್ತು ಮುಂದೆ ಚಾಚಿ, ಕಿವಿಗೆ ಕೈ ಅಡ್ಡ ಹಿಡಿದರು.