ನಡುವಿನ ಹೆಸರು

ಬಾಗಿಲಾಚೆ ನಿಂತ ಹೇಜಲ್ ಪ್ರಿಚರ್ಡ್ ಕರೆಗಂಟೆ ಒತ್ತಲಿಲ್ಲ. ಒಳಗಿನ ಕೂಗಾಟಕ್ಕೆ ಕಿವಿಗೊಟ್ಟಳು. ಭಾಷೆ ತಿಳಿಯಲಿಲ್ಲ. ಆದರೆ ಜಗಳಕ್ಕೆ ಭಾಷೆ ಬೇಕಿಲ್ಲ. ಹೆಂಗಸು ಬೈಯುತ್ತಿದ್ದಳು, ಗಂಡಸು ತಿರುಗಿ ಬೈಯುತ್ತಿದ್ದ. ಪಾತ್ರೆಯೊಂದು ಧಡಾರೆಂದು ಬಿತ್ತು.

ಆಗ ಗಂಟೆ ಒತ್ತಿದಳು.

“ವಲಸೆ ಕಚೇರಿಯಿಂದ ಬಂದಿದೀನಿ. ನಿಮ್ಮ ಮೇಲೆ ದೂರಿದೆ.”

ದೂರು ಕೊಟ್ಟವರು ಕೆಳಗಿನ ಮನೆಯವರು. ಇವರಿಬ್ಬರೂ ಜೋಡಿಯೇ ಅಲ್ಲ, ಬರೀ ನಾಟಕ ಎಂದು. ಬ್ಲ್ಯಾಕ್‌ಟೌನ್‌ನಲ್ಲಿ ಒಂದರ ಮೇಲೊಂದು ಕಟ್ಟಿದ ಈ ಫ್ಲ್ಯಾಟುಗಳಲ್ಲಿ ಒಬ್ಬರ ಮನೆಯ ಸದ್ದು ಇನ್ನೊಬ್ಬರಿಗೆ ಕೇಳದೆ ಇರುವುದಿಲ್ಲ, ಕೇಳಿದವರು ಸುಮ್ಮನೆ ಇರುವುದೂ ಇಲ್ಲ.

ಬಸ್ ಓಡಿಸುವ ರೊಹೆಲ್ಯೊ ಬುನ್ಯಾಗ್ ಈಗ ಆಸ್ಟ್ರೇಲಿಯಾದ ಪ್ರಜೆ. ಅವನ ಸಂಗಾತಿ ಎಂದು ಹೇಳಿಕೊಂಡು ಎಡಿತಾ ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದಳು. ಹಾಗೆ ಕಾಯುವವರಿಗೂ ಸರ್ಕಾರ ಆರೋಗ್ಯದ ಕಾರ್ಡ್ ಕೊಡುತ್ತದೆ. ಅವಳಿಗೂ ಕೊಟ್ಟಿತ್ತು. ಎಡಿತಾಳ ಎದೆಯಲ್ಲಿ ಗಂಟಿತ್ತು. ಸೋಮವಾರ ಆಪರೇಷನ್. ಅರ್ಜಿ ಬಿದ್ದರೆ ಕಾರ್ಡೂ ಬಿತ್ತು. ಕಾರ್ಡ್ ಬಿದ್ದರೆ ಸೋಮವಾರವೂ ಇಲ್ಲ.

ಇದು ಮೂವರಿಗೂ ಗೊತ್ತಿತ್ತು.

ಹೇಜಲ್ ಕೂರಲಿಲ್ಲ. ಸೀದಾ ಒಳಗೆ ನಡೆದು ಎರಡು ಕೋಣೆಗಳ ಬಾಗಿಲನ್ನೂ ತಾನೇ ತೆಗೆದಳು. ಎರಡರಲ್ಲೂ ಒಂದೊಂದು ಮಂಚ.

“ಬೇರೆ ಬೇರೆ ಮಲಗ್ತೀರಾ?”

“ಇವನ ಗೊರಕೆ ನೀವು ಕೇಳಿಲ್ಲ ಮೇಡಂ,” ಎಂದಳು ಎಡಿತಾ. “ಸತ್ತ ಎಮ್ಮೆನೂ ಎದ್ದು ಕೂರುತ್ತೆ.”

“ನಾನು ನಿದ್ದೇಲಿ ಸದ್ದು ಮಾಡ್ತೀನಿ. ಇವಳು ಎಚ್ಚರ ಇದ್ದಷ್ಟು ಹೊತ್ತೂ ಮಾಡ್ತಾಳೆ,” ಎಂದ ರೊಹೆಲ್ಯೊ.

“ಬಾಯಿ ಮುಚ್ಚು. ನಿನ್ನನ್ನ ಕೇಳ್ತಿಲ್ಲ.”

“ನನ್ನ ಮನೇಲಿ ನಾನು ಬಾಯಿ ಮುಚ್ಚಬೇಕಾ?”

ಹೇಜಲ್ ಕೈ ಎತ್ತಿದಳು. “ಸಾಕು. ಮದುವೆ ಯಾಕೆ ಆಗಿಲ್ಲ?”

ರೊಹೆಲ್ಯೊ ಕುರ್ಚಿ ಎಳೆದುಕೊಂಡು ಕೂತ.

“ನಮ್ಮ ಪಾದ್ರಿ ಒಪ್ಪಲ್ಲ ಮೇಡಂ,” ಎಂದ ರೊಹೆಲ್ಯೊ. “ಕೇಳಿದ್ರೆ ಹೊಡೆದು ಓಡಿಸ್ತಾರೆ.”

ಫಿಲಿಪ್ಪೀನ್ಸ್‌ನವರ ಕಡತಗಳನ್ನು ಹೇಜಲ್ ಬೇಕಾದಷ್ಟು ನೋಡಿದ್ದಳು. ಅಲ್ಲಿ ವಿಚ್ಛೇದನ ಸಿಗುವುದಿಲ್ಲ. ಇವನಿಗೂ ಊರಲ್ಲೊಬ್ಬಳು ಹಳೆಯ ಹೆಂಡತಿ ಇರಬೇಕು ಎಂದುಕೊಂಡಳು. ಇಲ್ಲಿ ಮದುವೆಯಾಗದೆ ಜೊತೆಗಿದ್ದರೂ ಸಂಗಾತಿಯೇ. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು.

“ನಿನ್ನ ಪೂರ್ತಿ ಹೆಸರು ಹೇಳು.”

“ಎಡಿತಾ ಬುನ್ಯಾಗ್ ಸಲೊಂಗಾ.”

“ಸಲೊಂಗಾ ಯಾರು?”

“ಗಂಡ. ತೀರಿಕೊಂಡ.”

“ಅವನ ಹೆಸರಿನ್ನೂ ಬಾಲದಲ್ಲಿದೆ. ಇವನದು ಆಗಲೇ ನಡುವೆ ಬಂದು ಕೂತಿದೆ.” ಹೇಜಲ್ ಮೂಗು ಮುರಿದಳು. “ತುಂಬಾ ಅವಸರ ನಿಮಗೆ.”

“ನಮ್ಮ ಕಡೆ ನಡುವಿನ ಹೆಸರು ಬಹಳ ದೊಡ್ಡದು ಮೇಡಂ. ಸಾಯೋವರೆಗೂ ಬಿಡೋ ಹಾಗಿಲ್ಲ.”

“ಸಾಯೋ ಮಾತು ನನ್ನ ಹತ್ರ ಬೇಡ. ಗಂಟು ತೋರಿಸಿ ಕಾರ್ಡ್ ಹೊಡ್ಕೊಳ್ಳೋಕೆ ಬಂದೋರು ನನ್ನ ಕೆಲಸದಲ್ಲಿ ಸಾಲುಗಟ್ಟಿ ಸಿಕ್ಕಿದಾರೆ.”

ಎಡಿತಾಳ ಮುಖ ಕಪ್ಪಿಟ್ಟಿತು. ರೊಹೆಲ್ಯೊ ಎದ್ದು ನಿಂತ. “ಮೇಡಂ, ನನಗೆ ಏನು ಬೇಕಾದರೂ ಅನ್ನಿ. ಅವಳಿಗೆ ಹಾಗನ್ನಬೇಡಿ.”

“ಕೂತ್ಕೋ. ನಿನ್ನನ್ನೇ ಕೇಳ್ತೀನಿ. ಅವಳ ಮೈಮೇಲೆ ಎಲ್ಲಿ ಗಾಯದ ಕಲೆ ಇದೆ?”

ಕಳ್ಳ ಜೋಡಿಗಳು ಎಡವುವುದು ಇಲ್ಲೇ. ಉಡುಗೆ ಮುಚ್ಚಿದ ಜಾಗ ಜೊತೆಯಲ್ಲಿ ಬದುಕಿದವನಿಗೆ ಮಾತ್ರ ಗೊತ್ತು.

“ಬಲ ಮಂಡಿ ಮೇಲೆ,” ಎಂದ ರೊಹೆಲ್ಯೊ, ಯೋಚಿಸದೆ. “ಹುಣಸೆ ಮರದಿಂದ ಬಿದ್ದಳು. ಆಗಿನ್ನೂ ಲಂಗದ ಹುಡುಗಿ. ನಾನೇ ಬೆನ್ನ ಮೇಲೆ ಹೊತ್ಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನಗೇ ಬೈದಳು.”

“ಕೊಂಬೆ ಅಲ್ಲಾಡಿಸಿದ್ದು ಯಾರು? ಅದನ್ನೂ ಹೇಳು!”

“ಹುಳಿ ಬೇಕು ಅಂತ ಹತ್ತಿದ್ದು ಯಾರು?”

“ಹಲ್ಕಾ!”

“ಗಯ್ಯಾಳಿ!”

ಹೇಜಲ್ ಎಡಿತಾಳನ್ನು ಕೋಣೆಗೆ ಕರೆದೊಯ್ದು ಮಂಡಿ ನೋಡಿದಳು. ಕಲೆ ಇತ್ತು, ಹಳೆಯದು, ಬೆಳ್ಳಗಾಗಿತ್ತು. ಒಂದೇ ಊರಿನವರು, ಬಾಲ್ಯದ ಒಡನಾಟ ಎಂದುಕೊಂಡಳು. ಹೇಜಲ್‌ಗೂ ಒಬ್ಬ ಗಂಡನಿದ್ದ. ಇಬ್ಬರೂ ಅನ್ನಬಾರದ್ದನ್ನೆಲ್ಲ ಅಂದುಕೊಂಡು ಬಾಳಿದವರು. ಬಾಡಿಗೆ ಪ್ರೀತಿ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದು ಸೋಫಾದ ಮೇಲೆ ಕೈ ಕೈ ಹಿಡಿದು ಕೂತಿರುತ್ತದೆ, ಮಾತಿಗೊಮ್ಮೆ ನಗುತ್ತದೆ. ಇಷ್ಟು ಹಳೆಯ ಸಿಟ್ಟನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ.

ಹೊರಗೆ ಬಂದು ಚೀಲ ಹೆಗಲಿಗೇರಿಸಿದಳು.

“ದೂರು ಸುಳ್ಳು ಅಂತ ಬರೀತೀನಿ. ಕಾರ್ಡ್ ಎಲ್ಲೂ ಹೋಗಲ್ಲ. ಸೋಮವಾರ ಆಪರೇಷನ್ ಮಾಡಿಸ್ಕೋ.” ಬಾಗಿಲಲ್ಲಿ ತಿರುಗಿದಳು. “ಕೂಗಾಟ ಮಾತ್ರ ಕಡಿಮೆ ಮಾಡಿ. ಅಸಹ್ಯ.”

ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಇಳಿದು ಹೋಯಿತು. ಕೆಳಗೆ ಕಾರು ಹೊರಟಿತು. ರೊಹೆಲ್ಯೊ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಎಡಿತಾ ಅವನ ಪಕ್ಕದಲ್ಲಿ ಬಂದು ಕೂತಳು. ಬೈಯದೆ ಅವನ ಬೆನ್ನು ತಟ್ಟಿದಳು.

“ಗಂಟು ನನ್ನನ್ನ ಕೊಲ್ಲಲ್ಲ ಬಿಡು,” ಎಂದಳು. “ಆದರೆ ತವರಿನ ಹೆಸರನ್ನೇ ಗಂಡಿನ ಹೆಸರು ಅಂತ ನಂಬಿಸಿದ ಈ ನಾಟಕ ಏನಾದ್ರೂ ಅಮ್ಮನ ಕಿವಿಗೆ ಬಿತ್ತೋ, ಹೆತ್ತ ಕೈಯಲ್ಲೇ ನಮ್ಮಿಬ್ಬರನ್ನೂ ಕೊಂದು ಹಾಕ್ತಾಳೆ, ಅಣ್ಣಾ.”