ಬೇರೆ ತಟ್ಟೆ

ತಂಗಿಗೆ ಹೆಪಟೈಟಿಸ್ ಸಿ ಇದೆ ಎಂದು ಗೊತ್ತಾದ ದಿನವೇ ಅಕ್ಕ ಅವಳ ತಟ್ಟೆ, ಲೋಟಗಳನ್ನು ಬೇರೆ ಮಾಡಿದ್ದಳು. ಟವೆಲ್ಲಿಗೂ ಬೇರೆ ಹಗ್ಗ ಕಟ್ಟಿದ್ದಳು. ಮಾತ್ರೆ ಶುರುವಾಗಿ ತಿಂಗಳಾದರೂ ಅದೇ ನಡೆದಿತ್ತು.

ಆವತ್ತು ಬೆಳಿಗ್ಗೆ, ಎಂದಿನಂತೆ ತಂಗಿಯ ಬೆರಳು ಚುಚ್ಚಿ ಶುಗರ್ ನೋಡಿದ ಮೇಲೆ, ಅಕ್ಕ ಸೌಟು ತಟ್ಟೆಗೆ ತಾಗದಂತೆ ಮೇಲಿನಿಂದ ಚಟ್ನಿ ಬಿಟ್ಟಳು. ತಂಗಿಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲಿಗೂ ಕಿಟಕಿಗೂ ಓಡಾಡತೊಡಗಿದಳು.

“ಇದು ರಕ್ತದಿಂದ ರಕ್ತಕ್ಕೆ ಹೋಗೋ ಕಾಯಿಲೆ, ಜೊತೇಲಿ ಉಂಡ್ರೆ ಬರಲ್ಲ ಅಂತ ಡಾಕ್ಟರು ನಿನ್ನೆದುರಿಗೇ ಹೇಳಿದ್ರಲ್ಲಕ್ಕ!”

“ಅವರಿಗೇನು, ಹೇಳ್ತಾರೆ. ನಾನೂ ಮಲಗಿಬಿಟ್ರೆ ನಿನ್ನ ನೋಡೋರ್ಯಾರು?”

“ಉಪ್ಪಿನಕಾಯಿ ಜಾಡಿನೂ ಮುಟ್ಟೋ ಹಾಗಿಲ್ಲ. ನಮ್ಮನೇಲೇ ನಾನು ಯಾರೋ ಆಗಿಬಿಟ್ಟಿದೀನಿ.”

ಅಕ್ಕ ತನ್ನ ತಟ್ಟೆಯನ್ನು ತಂದು ತಂಗಿಯ ತಟ್ಟೆಯ ಪಕ್ಕದಲ್ಲೇ ಇಟ್ಟಳು.

“ಆಯ್ತು ಬಾರೇ. ಇವತ್ತಿಂದ ಜೊತೇಲೇ ತಿನ್ನೋಣ. ನನ್ನ ಶುಗರೂ ನೋಡ್ಕೊಂಡುಬಿಡ್ತೀನಿ, ಇರು.”

ತಂಗಿ ಕಣ್ಣೊರೆಸಿಕೊಂಡು ಬಂದು ಕೂತಳು. ದಿನವೂ ತನ್ನ ಕೋಣೆಯಲ್ಲಿ ಶುಗರ್ ನೋಡಿಕೊಳ್ಳುತ್ತಿದ್ದ ಅಕ್ಕ, ಇವತ್ತು ಅಲ್ಲೇ ಕೂತು, ಬೆರಳು ಚುಚ್ಚುವ ಪೆನ್ನನ್ನು ಒತ್ತಿಕೊಂಡಳು. ಕೆಂಪು ಹನಿಯೊಂದು ಮೂಡಿತು.

“ಅಕ್ಕಾ, ಸೂಜಿ ಬದಲಾಯಿಸ್ಲಿಲ್ವಾ?”

“ಯಾಕೆ ದಂಡ? ದಿನಾ ನಿನಗೆ ಚುಚ್ಚೋವಾಗ ಹೊಸದು ಹಾಕ್ತೀನಲ್ಲ, ಅದೇ ನನಗೂ ಸಾಕು.”