ತೊಳೆದ ಹಕ್ಕರಿಕೆ

ನೀಲಗಂಗವ್ವ ತೀರಿಕೊಂಡ ದಿನ, ಆಕೆಯ ತಲೆಯಲ್ಲಿ ಹುಳದ ಮೊಟ್ಟೆಗಳಿದ್ದವೆಂದು ಡಾಕ್ಟರು ಹೇಳಿದಾಗ ಗಂಡ ಮಹಾಂತಯ್ಯನವರಿಗೆ ಸಿಟ್ಟೇ ಬಂತು. “ನಮ್ಮ ಮನ್ಯಾಗ ತತ್ತಿ ಹೆಸರೂ ಎತ್ತಂಗಿಲ್ರೀ!”

“ಹಸಿ ಸೊಪ್ಪಿನಾಗ ಬಂದಾವ, ಅಜ್ಜಾರ. ಇಷ್ಟು ಶುದ್ಧ ಸೊಪ್ಪು ತಿನ್ನೋರು ಈಗ ಸಿಗೂದ ಕಡಿಮಿ,” ಎಂದು ಡಾಕ್ಟರು ಮೆಚ್ಚಿಕೊಂಡರು.

ವಿಷ ಹೊಡೆಯದ ಸೊಪ್ಪಿನಲ್ಲಿ ಮಾತ್ರ ಹುಳ ಬದುಕುತ್ತದೆ, ಆದ್ದರಿಂದ ಜೀವಂತ ಮೊಟ್ಟೆಯೇ ಶುದ್ಧತೆಯ ಮುದ್ರೆ ಎಂದು ಸರ್ಕಾರ ಸಾರಿ ಹತ್ತು ವರ್ಷವಾಗಿತ್ತು. ಸೊಪ್ಪು ತೊಳೆಯುವುದು ಕಲಬೆರಕೆಯ ಅಪರಾಧ.

ಹನ್ನೊಂದನೆಯ ದಿನ ಸತ್ತವರ ಹೆಸರಿನಲ್ಲಿ ಜಂಗಮರಿಗೆ ಉಣಬಡಿಸುವ ಗಣಾರಾಧನೆಗೆ, ಹೆಂಡತಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತಿದ್ದ ಹಕ್ಕರಿಕೆ ಸೊಪ್ಪು ಬೇಕಿತ್ತು. ಗದಗಿನ ಸಂತೆಯಲ್ಲಿ ಮಹಾಂತಯ್ಯನವರು ದನಿ ತಗ್ಗಿಸಿ, “ತೊಳೆದದ್ದು ಐತೇನವಾ?” ಎಂದರು.

“ಮೆಲ್ಲಕ, ಯಜ್ಜಾ! ನನ್ನ ಹಿಡಿಸ್ತೀರೇನು?” ಸೊಪ್ಪಿನ ದ್ಯಾಮವ್ವ ಭೂತಗನ್ನಡಿ ಹಿಡಿದಳು. “ಎಲಿಗೆ ನಲವತ್ತು ತತ್ತಿ, ನೋಡ್ರಿ. ಅಮ್ಮಾರು ಇದನ್ನ ಆರಿಸಿ ಒಯ್ತಿದ್ರು.”

“ಹೌದವಾ. ಆರಿಸೂದ್ರಾಗ ಆಕಿ ಭಾಳ ಶ್ಯಾಣ್ಯಾಕಿ.”

ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಅದನ್ನೇ ಏಳು ನೀರಿನಲ್ಲಿ ತೊಳೆದರು.

ಪಂಕ್ತಿಯಲ್ಲಿ ಕುಳಿತ ಹಿರಿಯ ಜಂಗಮರು ಎಲೆಗೆ ಭೂತಗನ್ನಡಿ ಹಿಡಿದು ನೋಡಿ, “ಒಂದೂ ತತ್ತಿ ಇಲ್ಲ! ಅಶುದ್ಧ ಊಟ!” ಎಂದು ಎದ್ದರು. ಹಿಂದೆಯೇ ಎಲ್ಲರೂ ಎದ್ದರು. ಬಂದವರು ಉಣ್ಣದೆ ಹೋದರೆ ಸತ್ತವರಿಗೆ ಶಾಂತಿಯಿಲ್ಲವೆಂದು ನಂಬಿದ್ದ ಮಹಾಂತಯ್ಯನವರು ಯಾರನ್ನೂ ತಡೆಯಲಿಲ್ಲ. “ಹಸಿದು ಹೋದ್ರೂ ಬದುಕಿ ಹೋಗ್ರಿ,” ಎಂದು ಬಾಗಿಲವರೆಗೆ ಕಳಿಸಿಬಂದರು.

ಆಮೇಲೆ ಖಾಲಿ ಪಂಕ್ತಿಯ ಮುಂದೆ ಕುಳಿತು ಕೈಮುಗಿದರು.

“ಶಿವಾ, ನನ್ನ ನೀಲಗಂಗಾಗ ಶಾಂತಿ ಕೊಡಪಾ. ಇವರು ಉಪವಾಸ ಎದ್ದುಹೋದ ಪಾಪ ನನ್ನ ತಲಿ ಮ್ಯಾಲಿರಲಿ. ಆಕಿ ತಲಿ ಹಗುರಿರಲಿ.”